ನಾಲ್ಕನೇ ಬೋರ್ಡು

ಅಮೆರಿಕದಲ್ಲಿ ಕಾರು ಓಡಿಸುವ ನಮ್ಮವರು ರಸ್ತೆ ಪಕ್ಕದ ಬೋರ್ಡುಗಳಲ್ಲಿ ಮೂರನ್ನು ಮಾತ್ರ ಓದುತ್ತೇವೆ. ಎಕ್ಸಿಟ್ ನಂಬರ್, ಸ್ಪೀಡ್ ಲಿಮಿಟ್, ಮುಂದಿನ ಗ್ಯಾಸ್ ಸ್ಟೇಷನ್ ಎಷ್ಟು ದೂರ. ಮಿಕ್ಕಿದ್ದೆಲ್ಲ ಗಿಡಮರದ ಲೆಕ್ಕ. ನಾನೂ ಹಾಗೇ ಇದ್ದೆ. ಮೆಂಫಿಸ್‌ನಲ್ಲಿ ಆನ್‌ಸೈಟ್ ಇದ್ದಾಗ ಒಂದು ಭಾನುವಾರ ಮಿಸ್ಸಿಸ್ಸಿಪ್ಪಿ ಕಡೆಯ ಹಳ್ಳಿ ರಸ್ತೆಯಲ್ಲಿ ಟೈರ್ ಪಂಕ್ಚರ್ ಆಯ್ತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಟೋ ಟ್ರಕ್ ಬರೋಕೆ ಒಂದು ಗಂಟೆ ಅಂದರು. ಫೋನಿನ ಚಾರ್ಜೂ ಮುಗಿಯುತ್ತಾ ಬಂದಿತ್ತು. ಬೇರೆ ಕೆಲಸ ಇಲ್ಲದೆ ಎದುರಿಗಿದ್ದ ಕಂಬದ ಮೇಲಿನ ಹಸಿರು ಫಲಕ ಓದಿದೆ. ಮೇಲೆ ಮ್ಯಾಗ್ನೋಲಿಯಾ ಹೂವಿನ ಚಿತ್ರ, ಕೆಳಗೆ ಉಬ್ಬಿದ ಅಕ್ಷರಗಳಲ್ಲಿ ಒಂದು ಹಳೆಯ ಚರ್ಚಿನ ಕಥೆ. ನಾಲ್ಕೇ ಸಾಲು. ಅಲ್ಲಿಂದ ಹುಚ್ಚು ಹಿಡಿಯಿತು.

ಈ ಫಲಕಗಳ ಹಿಂದೆ ಒಂದು ದೊಡ್ಡ ವ್ಯವಸ್ಥೆಯೇ ಇದೆ. ಕಾರುಗಳು ಜಾಸ್ತಿಯಾಗುತ್ತಿದ್ದ ಕಾಲಕ್ಕೆ, 1927ರಲ್ಲಿ, ವರ್ಜೀನಿಯಾ ರಾಜ್ಯ ರೂಟ್ 1ರ ಉದ್ದಕ್ಕೂ ಇಂಥ ಫಲಕ ನೆಡೋಕೆ ಶುರು ಮಾಡಿತು. ಇತಿಹಾಸದ ಪ್ರೀತಿ ಒಂದು ಕಡೆ, ದಾರಿಹೋಕರು ನಿಂತರೆ ಊರಿಗೆ ನಾಲ್ಕು ಕಾಸು ಆಗುತ್ತೆ ಅನ್ನೋ ಲೆಕ್ಕ ಇನ್ನೊಂದು ಕಡೆ. ಮಿಸ್ಸಿಸ್ಸಿಪ್ಪಿ 1949ರಲ್ಲಿ ಶುರು ಮಾಡಿತು. ಟೆಕ್ಸಸ್ ಒಂದರಲ್ಲೇ ಈಗ 16,000ಕ್ಕೂ ಹೆಚ್ಚು ಇವೆ. ಎಷ್ಟೋ ರಾಜ್ಯಗಳ ಫಲಕಗಳನ್ನು ಎರಕ ಹೊಯ್ಯೋದು ಒಹಾಯೊದ ಮ್ಯಾರಿಯೆಟಾ ಅನ್ನೋ ಊರಿನ ಒಂದೇ ಕಾರ್ಖಾನೆ. ಹೆಸರು ಸೀವಾ ಸ್ಟುಡಿಯೋಸ್. ಅದನ್ನು ಶುರು ಮಾಡಿದವನ ಸರ್‌ನೇಮಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಇಟ್ಟ ಹೆಸರಂತೆ. ನಮ್ಮ ಪಾಸ್‌ವರ್ಡ್‌ಗಳ ಥರ!

ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಬಹಳಷ್ಟು ಕಡೆ ಈ ಫಲಕಗಳನ್ನು ಸರ್ಕಾರ ತಾನಾಗಿ ತಂದು ನೆಡೋದಿಲ್ಲ. ಊರಿನ ಯಾರೋ ಅರ್ಜಿ ಹಾಕಬೇಕು, ದಾಖಲೆ ಕೊಡಬೇಕು, ಖರ್ಚಿಗೆ ದುಡ್ಡು ಹೊಂದಿಸಬೇಕು. ಅಂದರೆ ಒಂದು ಊರಿನ ಫಲಕಗಳನ್ನು ಓದಿದರೆ ಅಲ್ಲಿ ಏನು ನಡೆಯಿತು ಅಂತ ಮಾತ್ರ ಅಲ್ಲ, ಯಾರು ಯಾವುದನ್ನು ಹೇಳಿಕೊಳ್ಳೋಕೆ ತಯಾರಿದ್ದರು ಅಂತಲೂ ಗೊತ್ತಾಗುತ್ತೆ. ಎಷ್ಟೋ ಊರುಗಳಲ್ಲಿ ಜನರಲ್‌ಗಳ ಕುದುರೆಗೂ ಒಂದು ಸಾಲು ಇದೆ, ಹತ್ತಿ ಬಿಡಿಸಿದವರ ಸುದ್ದಿ ಇಲ್ಲ.

2019ರ ಅಕ್ಟೋಬರಿನಲ್ಲಿ ಒಂದು ಸುದ್ದಿ ಓದಿದೆ. ಮಿಸ್ಸಿಸ್ಸಿಪ್ಪಿಯ ಒಂದು ನದೀ ದಡದಲ್ಲಿ ಗುಂಡು ತೂರದಂಥ ಫಲಕ ನೆಟ್ಟಿದ್ದಾರೆ ಅಂತ. ಬುಲೆಟ್‌ಪ್ರೂಫ್ ಕಾರು ಕೇಳಿದ್ದೆ, ಜಾಕೆಟ್ ಕೇಳಿದ್ದೆ. ಬುಲೆಟ್‌ಪ್ರೂಫ್ ಬೋರ್ಡು ಕೇಳಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಧಾರವಾಡದ ರೂಮ್‌ಮೇಟನ್ನು ಎಳೆದುಕೊಂಡು ಹೊರಟೆ. ಅವನಿಗೆ ಫ್ಲೋರಿಡಾಗೆ ಹೋಗೋ ಆಸೆ ಇತ್ತು.

ಮೆಂಫಿಸ್ ದಾಟಿ ಹೈವೇ 61 ಹಿಡಿದರೆ ಮಿಸ್ಸಿಸ್ಸಿಪ್ಪಿ ಡೆಲ್ಟಾ ಶುರು. ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಕೊಯ್ಲು ಮುಗಿದು ಪ್ಲಾಸ್ಟಿಕ್ ಸುತ್ತಿದ ಹತ್ತಿಯ ದೊಡ್ಡ ದೊಡ್ಡ ಉರುಳೆಗಳು ಹೊಲದಲ್ಲಿ ಬಿದ್ದಿದ್ದವು. ರಸ್ತೆ ಅಂಚಿನಲ್ಲೆಲ್ಲ ಉದುರಿದ ಹತ್ತಿಯ ಚೂರು. "ಏನಲೇ, ಬೀಚ್ ಬಿಟ್ಟು ಹತ್ತಿ ಹೊಲ ತೋರಸಾಕ ಕರಕೊಂಡು ಬಂದೀಯಾ? ನಮ್ಮೂರಾಗ ಇಲ್ಲೇನು ಹತ್ತಿ?" ಅಂದ ಗೆಳೆಯ. ಕ್ಲಾರ್ಕ್ಸ್‌ಡೇಲ್ ದಾಟಿ ಟುಟ್‌ವೈಲರ್‌ನಲ್ಲಿ ನಿಂತೆವು. 1903ರ ಸುಮಾರಿಗೆ ಅಲ್ಲಿನ ರೈಲ್ವೆ ಸ್ಟೇಷನ್‌ನಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಅನ್ನೋ ಸಂಗೀತಗಾರ ಕಾಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಯಾರೋ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ಹಾಡುತ್ತಿದ್ದನಂತೆ. ಹ್ಯಾಂಡಿ ಬ್ಲೂಸ್ ಸಂಗೀತವನ್ನು ಮೊದಲು ಕೇಳಿದ ಜಾಗ ಅಂತ ಅಲ್ಲಿ ಫಲಕ ಇದೆ. ಡೆಲ್ಟಾ ತುಂಬಾ ಇಂಥ ಬ್ಲೂಸ್ ಫಲಕಗಳಿವೆ. ಅವುಗಳ ಪಕ್ಕ ನಿಂತು ಸೆಲ್ಫಿ ತೆಗೆಯೋಕೆ ಯಾರಿಗೂ ಸಂಕೋಚ ಇಲ್ಲ. ನಾವೂ ತೆಗೆದೆವು.

ಅಲ್ಲಿಂದ ಸ್ವಲ್ಪ ದೂರಕ್ಕೆ ಸಮ್ನರ್. ಟಲ್ಲಾಹಾಚಿ ಕೌಂಟಿಯ ಎರಡು ಕೋರ್ಟುಗಳಲ್ಲಿ ಒಂದು ಇರೋ ಊರು. ಕೌಂಟಿ ಅಂದರೆ ಸದ್ಯಕ್ಕೆ ನಮ್ಮ ತಾಲ್ಲೂಕು ಅಂದ್ಕೊಳ್ಳಿ.

ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಎಮೆಟ್ ಟಿಲ್ ಷಿಕಾಗೋದ ಕಪ್ಪು ಹುಡುಗ. ವಯಸ್ಸು 14. 1955ರ ಆಗಸ್ಟ್‌ನಲ್ಲಿ ಬೇಸಿಗೆ ರಜೆಗೆ ನೆಂಟರ ಮನೆಗೆ ಅಂತ ಇಲ್ಲಿಗೆ ಬಂದಿದ್ದ. ಮನಿ ಅನ್ನೋ ಪುಟ್ಟ ಊರಿನ ಅಂಗಡಿಯಲ್ಲಿ ಬಿಳಿಯ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಅನ್ನೋದು ಅವನ ಮೇಲಿನ ಆರೋಪ. ಆಗಸ್ಟ್ 28ರ ನಡುರಾತ್ರಿ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ. ಡಬ್ಲ್ಯು. ಮೈಲಮ್ ಹುಡುಗನನ್ನು ಮನೆಯಿಂದ ಎಳೆದೊಯ್ದರು. ಮೂರು ದಿನದ ಮೇಲೆ ಟಲ್ಲಾಹಾಚಿ ನದಿಯಲ್ಲಿ ದೇಹ ಸಿಕ್ಕಿತು. ಕುತ್ತಿಗೆಗೆ ಹತ್ತಿ ಜಿನ್ನಿನ ಫ್ಯಾನನ್ನು ಮುಳ್ಳುತಂತಿಯಲ್ಲಿ ಕಟ್ಟಿದ್ದರು. ಷಿಕಾಗೋದಲ್ಲಿ ಅವನ ತಾಯಿ ಮೇಮಿ ಶವಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂದರು. ಸಾವಿರಾರು ಜನ ನೋಡಿದರು.

ವಿಚಾರಣೆ ನಡೆದದ್ದು ಈ ಸಮ್ನರ್ ಕೋರ್ಟಿನಲ್ಲಿ. ಐದು ದಿನ. ಜ್ಯೂರಿಯಲ್ಲಿ 12 ಜನ, ಎಲ್ಲರೂ ಬಿಳಿಯ ಗಂಡಸರು. ಹುಡುಗನ ದೊಡ್ಡ ಮಾವ ಮೋಸ್ ರೈಟ್ ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಎಳೆದೊಯ್ದವರನ್ನು ಬೆರಳು ಮಾಡಿ ತೋರಿಸಿದರು. ಆದರೂ 67 ನಿಮಿಷದಲ್ಲಿ ತೀರ್ಪು ಬಂತು: ನಿರಪರಾಧಿಗಳು. ಮಧ್ಯೆ ಸೋಡಾ ಕುಡಿಯೋಕೆ ನಿಲ್ಲದಿದ್ದರೆ ಅಷ್ಟೂ ಹೊತ್ತು ಬೇಕಿರಲಿಲ್ಲ ಅಂತ ಜ್ಯೂರಿಯಲ್ಲಿದ್ದ ಒಬ್ಬರು ಆಮೇಲೆ ಹೇಳಿದ್ದುಂಟು. ನಾಲ್ಕು ತಿಂಗಳಾದ ಮೇಲೆ ಅದೇ ಇಬ್ಬರು ದುಡ್ಡು ತೆಗೆದುಕೊಂಡು ಲುಕ್ ಅನ್ನೋ ಪತ್ರಿಕೆಗೆ ಕೊಂದಿದ್ದು ನಾವೇ ಅಂತ ಹೇಳಿದರು. ಒಮ್ಮೆ ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವ ಹಾಗಿಲ್ಲವಲ್ಲ, ಆ ಧೈರ್ಯ.

ಆಮೇಲೆ ಆ ಊರು ಐವತ್ತು ವರ್ಷ ಬಾಯಿ ಬಿಡಲಿಲ್ಲ. ಕೋರ್ಟಿನ ಮುಂದೆ ಕಾನ್ಫೆಡರೇಟ್ ಸೈನಿಕನ ಪ್ರತಿಮೆ ಇದೆ. ಗುಲಾಮಗಿರಿ ಉಳಿಸೋಕೆ ಹೋರಾಡಿದ ಸೈನ್ಯದ ಸ್ಮಾರಕ, 1913ರದ್ದು. ಟಿಲ್ ವಿಷಯಕ್ಕೆ ಒಂದು ತಗಡೂ ಇರಲಿಲ್ಲ.

ಬದಲಾದದ್ದು ಆ ಕೌಂಟಿಯ ಆಡಳಿತ ಮಂಡಳಿಯಲ್ಲಿ ಕಪ್ಪು ಸದಸ್ಯರಿಗೆ ಬಲ ಬಂದ ಮೇಲೆ. ಜೆರೋಮ್ ಲಿಟಲ್ ಅನ್ನುವವರ ಮುಂದಾಳತ್ವದಲ್ಲಿ ಕಪ್ಪು, ಬಿಳಿ ಎರಡೂ ಕಡೆಯವರಿದ್ದ ಒಂದು ಸ್ಮಾರಕ ಆಯೋಗ ಆಯ್ತು. ಮೊದಲು ಅವರು ಮಾಡಿದ್ದು ಫಲಕ ಅಲ್ಲ, ಒಂದು ಹೇಳಿಕೆ. ಅದರಲ್ಲಿ 'ಕ್ಷಮೆ' ಅನ್ನಬೇಕೋ 'ವಿಷಾದ' ಅನ್ನಬೇಕೋ ಅಂತ ಒಳಗೇ ಜಗಳ ಆಗಿತ್ತಂತೆ. ಕೊನೆಗೆ 2007ರ ಅಕ್ಟೋಬರ್ 2ರಂದು ಕೋರ್ಟಿನ ಮೆಟ್ಟಿಲ ಹತ್ತಿರ ಟಿಲ್ ಕುಟುಂಬದವರ ಎದುರಿಗೇ ಓದಿದರು. ಇಲ್ಲಿ ನ್ಯಾಯ ಸಿಗಲಿಲ್ಲ, ಅದು ನಮ್ಮ ತಪ್ಪು ಅನ್ನೋದು ಅದರ ಸಾರ. ಅವತ್ತೇ ಹಸಿರು ಫಲಕವೂ ಬಂತು.

ನಾನು ಆ ಫಲಕವನ್ನು ಎರಡು ಸಲ ಓದಿದೆ. ಕಣ್ಣೀರಿನ ಮಾತು ಒಂದೂ ಇಲ್ಲ. ಖುಲಾಸೆಯಾದ ಇಬ್ಬರ ಹೆಸರೂ ಇದೆ, ಆಮೇಲೆ ಅವರೇ ಒಪ್ಪಿಕೊಂಡರು ಅಂತಲೂ ಇದೆ. ನಮ್ಮಲ್ಲಾಗಿದ್ದರೆ 'ಅಹಿತಕರ ಘಟನೆ ನಡೆಯಿತು' ಅಂತ ಬರೆದು ಮುಗಿಸುತ್ತಿದ್ದೆವೇನೋ. ಘಟನೆಗಳು ನಮ್ಮಲ್ಲಿ ತಾವಾಗೇ ನಡೆದುಬಿಡುತ್ತವೆ.

ಮುಂದೆ ಹೋಗಬೇಕಾದ ಜಾಗ ಗ್ರಾಬಾಲ್ ಲ್ಯಾಂಡಿಂಗ್. ಗ್ಲೆಂಡೋರಾ ಅನ್ನೋ ಊರಿನ ಹತ್ತಿರ ದಾರಿ ತಪ್ಪಿತು. ಅಲ್ಲಿ ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದೆವು. "ಆ ಬೋರ್ಡಿಗಾ? ಹೋಗಿ, ಈ ಸಲ ಇದೆ" ಅಂದರು. 'ಈ ಸಲ' ಅಂದಾಗ ಅವರು ನಕ್ಕರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಜಲ್ಲಿ ರಸ್ತೆ. ಎರಡೂ ಕಡೆ ಹೊಲ. ಸಿಗ್ನಲ್ ಹೋಯ್ತು. ಕೊನೆಯಲ್ಲಿ ಮರಗಳ ಮಧ್ಯೆ ಕಂದು ನೀರಿನ ನದಿ. ಟಿಲ್ ದೇಹವನ್ನು ನೀರಿನಿಂದ ತೆಗೆದದ್ದು ಇಲ್ಲಿ ಅಂತ ಊರವರು ಗುರುತಿಟ್ಟುಕೊಂಡು ಬಂದ ಜಾಗ ಇದು. ಸರಿಯಾದ ಜಾಗ ಯಾವುದು ಅನ್ನೋದರಲ್ಲಿ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಆಯೋಗದವರು 2008ರಲ್ಲಿ ಇಲ್ಲಿ ಮೊದಲ ಫಲಕ ನೆಟ್ಟರು. ಯಾರೋ ಕಿತ್ತು ನದಿಗೆ ಎಸೆದರು. ಎರಡನೆಯದು ನೆಟ್ಟರು. ಅದು ವರ್ಷಗಟ್ಟಲೆ ಗುಂಡು ತಿಂದು ತಿಂದು ಜರಡಿಯಾಯ್ತು. 300ಕ್ಕೂ ಹೆಚ್ಚು ತೂತು. 2018ರ ಜೂನ್‌ನಲ್ಲಿ ಮೂರನೆಯದು ಬಂತು. 35 ದಿನಕ್ಕೆ ಅದಕ್ಕೂ ಗುಂಡು. 2019ರಲ್ಲಿ ಮೂವರು ಕಾಲೇಜು ಹುಡುಗರು ಗುಂಡೇಟು ತಿಂದ ಫಲಕದ ಮುಂದೆ ಬಂದೂಕು ಹಿಡಿದು ನಗುತ್ತಾ ನಿಂತ ಫೋಟೋ ಹೊರಗೆ ಬಂತು. ಹೊಡೆದವರು ಅವರೇ ಅಂತ ಸಾಬೀತಾಗಲಿಲ್ಲ. ಆದರೆ ಆ ಫೋಟೋಗೆ ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್‌ಗಳೂ ಬಿದ್ದಿದ್ದವು.

ನಮ್ಮೆದುರಿಗೆ ನಿಂತಿದ್ದದ್ದು ನಾಲ್ಕನೆಯದು. ದಪ್ಪ ಉಕ್ಕು, ಅದರ ಮೇಲೆ ದಪ್ಪ ಪಾರದರ್ಶಕ ಹೊದಿಕೆ. ತೂಕ 225 ಕಿಲೋಗೂ ಜಾಸ್ತಿ. ಕ್ಯಾಮೆರಾ, ಅಲಾರಂ ಬೇರೆ. ನಾವು ಹೋಗೋ ಕೆಲವು ವಾರ ಮುಂಚೆ ಬಿಳಿಯರ ಶ್ರೇಷ್ಠತೆ ಸಾರುವ ಗುಂಪೊಂದು ಬಾವುಟ ಹಿಡಿದು ವಿಡಿಯೋ ಮಾಡೋಕೆ ಬಂದಿತ್ತು. ಅಲಾರಂ ಕೂಗಿದ ತಕ್ಷಣ ಕಾರು ಹತ್ತಿ ಓಡಿದರು. ಈ ಫಲಕದ ವಿಶೇಷ ಅಂದರೆ ಇದರ ಬರಹದಲ್ಲಿ ಟಿಲ್ ಕಥೆ ಮಾತ್ರ ಇಲ್ಲ. ಹಿಂದಿನ ಫಲಕಗಳಿಗೆ ಏನೇನಾಯ್ತು ಅನ್ನೋದನ್ನೂ ಬರೆದಿದ್ದಾರೆ.

ಅಷ್ಟು ಹೊತ್ತು ಗೊಣಗುತ್ತಿದ್ದ ಗೆಳೆಯ ಸುಮ್ಮನಾಗಿದ್ದ. ಆಮೇಲೆ ಕೇಳಿದ, "ಅಲ್ಲಲೇ, ಒಂದು ತಗಡಿಗೆ ಇಷ್ಟು ಸಿಟ್ಟು ಯಾಕ? ಸತ್ತ ಹುಡುಗ ಏನು ಮಾಡ್ತಾನ ಇವರಿಗೆ?"

ನನಗೆ ಉತ್ತರ ಹೊಳೆಯಲಿಲ್ಲ. ಅದೇ ಸಂಜೆ ಮನಿ ಊರಿಗೆ ಹೋದೆವು. ಅಂಗಡಿಯ ಮಾಡು ಬಿದ್ದು ಗೋಡೆ ತುಂಬಾ ಬಳ್ಳಿ. ಪಕ್ಕದಲ್ಲೇ ಅದೇ ಕಾಲದ ಪೆಟ್ರೋಲ್ ಬಂಕನ್ನು ದುರಸ್ತಿ ಮಾಡಿ ಚೆಂದ ಇಟ್ಟಿದ್ದಾರೆ. ಅಂಗಡಿ ಮುಂದೆ 2011ರ ಫಲಕ. 2017ರಲ್ಲಿ ಯಾರೋ ಅದರ ಮೇಲಿನ ಚಿತ್ರ, ಬರಹಗಳನ್ನೇ ಸುಲಿದು ಹಾಕಿದ್ದರು, ಮತ್ತೆ ಸರಿ ಮಾಡಿದ್ದಾರೆ. ವಾಪಸ್ ಮೆಂಫಿಸ್‌ಗೆ ಬರುವಾಗ ಕತ್ತಲು. ಗೆಳೆಯ ಮಲಗಿದ್ದ. ನನಗೆ ನಮ್ಮೂರ ಕೆರೆ ಏರಿಯ ಕಲ್ಲು ನೆನಪಾಯ್ತು.

ತಿಪಟೂರು ಕಡೆಯ ನಮ್ಮೂರಿನ ಕೆರೆ ಏರಿ ಕೆಳಗೆ ಒಂದು ವೀರಗಲ್ಲು ಇದೆ. ಕೆಳಗೆ ಕಾದಾಟ, ಮಧ್ಯೆ ಅಪ್ಸರೆಯರು ಹೊತ್ತೊಯ್ಯೋದು, ಮೇಲೆ ಲಿಂಗದ ಮುಂದೆ ಕೂತ ವೀರ. ನಮಗೆ ಅದು ವಿಕೆಟ್. ಎಷ್ಟು ಟೆನಿಸ್ ಬಾಲು ಅದರ ಎದೆಗೆ ಬಡಿದಿವೆಯೋ ಲೆಕ್ಕ ಇಲ್ಲ. ನಮಗೆ ಆ ವೀರನ ಮೇಲೆ ಸಿಟ್ಟೇನೂ ಇರಲಿಲ್ಲ. ದನ ಕಾಯೋಕೆ ಹೋಗಿ ಸತ್ತನೋ, ಊರು ಕಾಯೋಕೋ, ಅವನಿಂದ ಈಗ ಯಾರಿಗೂ ತೊಂದರೆ ಇಲ್ಲ. ತೊಂದರೆ ಇಲ್ಲದ ನೆನಪಿಗೆ ಯಾರೂ ಗುಂಡು ಹೊಡೆಯಲ್ಲ, ಹೆಚ್ಚೆಂದರೆ ಬಾಲು ಹೊಡೀತಾರೆ. ಗುಂಡು ಬೀಳೋದು ಇನ್ನೂ ಲೆಕ್ಕ ಚುಕ್ತಾ ಆಗದ ಕಡೆ. ಗೆಳೆಯನ ಪ್ರಶ್ನೆಗೆ ಇದೇ ಉತ್ತರ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ನೆನಪೂ ಬಂತು, ನಮ್ಮ ಮನೆಯದು.

ನಮ್ಮ ತೋಟದಲ್ಲಿ ಒಂದು ತೆರೆದ ಬಾವಿ ಇದೆ. ಕಟ್ಟೆಯ ಹಸಿ ಸಿಮೆಂಟಿನ ಮೇಲೆ ಮೊಳೆಯಲ್ಲಿ ಗೀರಿದ ತಾತನ ಹೆಸರು, ಕೆಳಗೆ 1971. ಆ ಬಾವಿ ತೋಡುವಾಗ ಒಬ್ಬರು ಸತ್ತಿದ್ದರು ಅಂತ ಚಿಕ್ಕವನಿದ್ದಾಗ ಎಲ್ಲೋ ಕಿವಿಗೆ ಬಿದ್ದಿತ್ತು. ಯಾರು, ಹೇಗೆ, ಕೇಳಿರಲಿಲ್ಲ. ಡೆಲ್ಟಾದ ಕೊಲೆಯೂ ನಮ್ಮ ಬಾವಿಯ ಸಾವೂ ಒಂದೇ ಅಲ್ಲ. ಅದು ನನಗೆ ಗೊತ್ತು. ಆದರೆ ಬಾಯಿ ಮುಚ್ಚಿಕೊಂಡಿರೋ ರೀತಿ ಮಾತ್ರ ತುಂಬಾ ಪರಿಚಿತ ಅನ್ನಿಸಿತು.

2020ರ ಮಾರ್ಚ್‌ನಲ್ಲಿ ಪ್ರಾಜೆಕ್ಟ್ ಮುಗಿಸಿ ವಾಪಸ್ ಬಂದೆ, ಹಿಂದೆಯೇ ಲಾಕ್‌ಡೌನ್. ಆರು ತಿಂಗಳು ಊರಲ್ಲೇ ವರ್ಕ್ ಫ್ರಂ ಹೋಮ್. ಒಂದು ಸಂಜೆ ಬಾವಿ ಕಟ್ಟೆ ಮೇಲೆ ಕೂತಾಗ ಅಪ್ಪನನ್ನು ಕೇಳಿದೆ.

"ಅದೆಲ್ಲ ಯಾಕ್ ಮಗಾ ಈಗ? ಗೋಡೆ ಕುಸೀತು. ಒಬ್ರು ಹೋದ್ರು," ಅಂದರು.

"ಯಾರು?"

ಸ್ವಲ್ಪ ಹೊತ್ತು ಬಿಟ್ಟು ಹೆಸರು ಹೇಳಿದರು. ಕಾಲೋನಿಯವರು. ಅವರ ಮಗ ನಮ್ಮ ತೋಟಕ್ಕೇ ಕಾಯಿ ಕೆಡವೋಕೆ ಬರೋರು. ನಾನು ಹುಟ್ಟಿದಾಗಿನಿಂದ ನೋಡಿದ ಮನುಷ್ಯ.

ಒಂದು ಭಾನುವಾರ ಅವರ ಮನೆಗೆ ಹೋದೆ. ಅಮೆರಿಕದಲ್ಲಿ ನೋಡಿದ್ದರ ಗುಂಗಿನಲ್ಲಿ ಇದ್ದೆನಲ್ಲ, ಬಾವಿ ಹತ್ತಿರ ಒಂದು ಕಲ್ಲು ನೆಡಿಸಿ ನಿಮ್ಮ ಅಪ್ಪನ ಹೆಸರು ಹಾಕಿಸ್ತೀನಿ, ಖರ್ಚು ನಂದು, ಅಂದೆ. ಅವರು ಬೀಡಿ ಆರಿಸಿ ಪಕ್ಕಕ್ಕಿಟ್ಟರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ಬುದ್ಧಿ ಅಂತಾರೆ.

"ರಾತ್ರಿಯೆಲ್ಲ ಮಳೆ ಬಂದಿತ್ತಂತೆ ಬುದ್ಧಿ. ಮಣ್ಣು ಹಸಿ ಐತೆ, ಇವತ್ತು ಇಳಿಯಾಕಿಲ್ಲ ಅಂದಿದ್ನಂತೆ ನಮ್ಮಪ್ಪ. ನಮ್ಮನೇಲಿ ಚಿಕ್ ಮಗೀಗೂ ಗೊತ್ತು ಇದು. ಗೊತ್ತಿಲ್ದೆ ಇರೋದು ನಿಮ್ಮನೇಲಿ. ಕಲ್ಲೇನೂ ಬ್ಯಾಡ. ನಿಮ್ಮನೇಲಿ ಬಾಯ್ಬಿಟ್ಟು ಹೇಳ್ಕಳಿ, ಸಾಕು."

ಸಮ್ನರ್‌ನಲ್ಲಿ ನನಗೆ ಹೊಳೆಯದೇ ಇದ್ದದ್ದು ಅವತ್ತು ಹೊಳೆಯಿತು. ಟಲ್ಲಾಹಾಚಿ ಕೌಂಟಿಯ ಕಪ್ಪು ಜನಕ್ಕೆ ಎಮೆಟ್ ಟಿಲ್ ಕಥೆ ಗೊತ್ತಾಗೋಕೆ ಫಲಕ ಬೇಕಾಗಿರಲಿಲ್ಲ. ಪ್ರತಿ ಮನೆಯಲ್ಲೂ ಗೊತ್ತಿತ್ತು. ಫಲಕ ಬೇಕಾಗಿದ್ದದ್ದು ಗೊತ್ತಿದ್ದೂ ಸುಮ್ಮನಿದ್ದವರಿಗೆ. ಅದಕ್ಕೇ ಅಲ್ಲಿ ಫಲಕಕ್ಕಿಂತ ಮೊದಲು ಹೇಳಿಕೆ ಬಂತು. ಹೇಳಿಕೆ ಇಲ್ಲದೆ ನಾನು ಕಲ್ಲು ನೆಟ್ಟಿದ್ದರೆ ಅದು ನನ್ನ ಔದಾರ್ಯದ ಕಲ್ಲಾಗುತ್ತಿತ್ತು.

ಆ ವರ್ಷದ ಹಿರಿಯರ ಹಬ್ಬಕ್ಕೆ ಎಡೆ ಇಟ್ಟು ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. ತಾತನ ಫೋಟೋ ಎದುರಿಗೇ ಇತ್ತು. ಹೆಸರು, ಬಾವಿ, ಮಳೆ, ಎಲ್ಲ. ಚಿಕ್ಕಪ್ಪ ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದು ಹೋದರು. ಅಮ್ಮ ವಾರ ಮಾತಾಡಲಿಲ್ಲ. ಮರುವರ್ಷ ಮತ್ತೆ ಹೇಳಿದೆ. "ಶುರುವಾಯ್ತು ಇವನ್ದು," ಅಂದರು ಚಿಕ್ಕಪ್ಪ. ಆದರೆ ಏಳಲಿಲ್ಲ. ಕಳೆದ ವರ್ಷ ನಾನು ಬಾಯಿ ತೆಗೆಯೋಕೆ ಮುಂಚೆ ಅಪ್ಪನೇ ಹೇಳಿದರು.

"ಇಳಿ ಅಂದಿದ್ದು ಅಪ್ಪನೇ. ನಂಗೆ ಹನ್ನೆರಡು ವರ್ಷ. ನಾನು ಅಲ್ಲೇ ನಿಂತಿದ್ದೆ."

ಯಾರೂ ಏನೂ ಅನ್ನಲಿಲ್ಲ. ಅಮ್ಮ ಸಾರು ಬಡಿಸಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಕೋ ಬೇಡವೋ, ಎಲ್ಲಿ ಬರೆಯಬೇಕು ಅನ್ನೋದು ಅವರ ಮನೆಯವರಿಗೆ ಬಿಟ್ಟಿದ್ದು.

ಜರಡಿಯಾಗಿದ್ದ ಎರಡನೇ ಫಲಕವನ್ನು 2021ರಲ್ಲಿ ವಾಷಿಂಗ್ಟನ್‌ನ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು, ತೂತುಗಳ ಸಮೇತ. 2023ರ ಜುಲೈ 25ರಂದು, ಗ್ರಾಬಾಲ್ ಲ್ಯಾಂಡಿಂಗ್, ಸಮ್ನರ್ ಕೋರ್ಟು ಮತ್ತು ಷಿಕಾಗೋದಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದ ಚರ್ಚು, ಮೂರನ್ನೂ ಸೇರಿಸಿ ಎಮೆಟ್ ಮತ್ತು ಅವನ ತಾಯಿಯ ಹೆಸರಿನಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ್ದಾರೆ. ಅವನು ಬದುಕಿದ್ದಿದ್ದರೆ ಅವತ್ತಿಗೆ 82 ತುಂಬುತ್ತಿತ್ತು. ಧಾರವಾಡದ ಗೆಳೆಯ ಸುದ್ದಿಯ ಲಿಂಕ್ ಕಳಿಸಿ, "ನಿನ್ನ ಬೋರ್ಡು ಪಾಸಾತು ನೋಡಪಾ," ಅಂತ ಬರೆದಿದ್ದ.

ಹಿರಿಯರ ಹಬ್ಬ ಮತ್ತೆ ಬರುತ್ತೆ. ರಜೆ ಹಾಕಿದ್ದೀನಿ.